ಸಂಜೆ ಏಳರ ಕರೆಂಟು ಯಾಕೆ ದುಬಾರಿ? ಸರ್ ಎಂ.ವಿ. ಬದುಕಿನಲ್ಲಿದೆ ಉತ್ತರ

ಸೆಪ್ಟೆಂಬರ್ 15 ಬಂತೆಂದರೆ ಈ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದೇ ಬರುತ್ತದೆ. ರೈಲಿನಲ್ಲಿ ಕೂತಿದ್ದ ವಿಶ್ವೇಶ್ವರಯ್ಯನವರು ಸದ್ದು ಕೇಳಿಯೇ ಮುಂದೆ ಹಳಿ ಮುರಿದಿದೆ ಎಂದು ತಿಳಿದು ಚೈನ್ ಎಳೆದರಂತೆ. ಸರ್ಕಾರಿ ಕೆಲಸಕ್ಕೆ ಒಂದು ಮೇಣದಬತ್ತಿ, ಸ್ವಂತ ಕೆಲಸಕ್ಕೆ ಇನ್ನೊಂದು ಹಚ್ಚುತ್ತಿದ್ದರಂತೆ. ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ ಶಿವನಸಮುದ್ರವನ್ನು ಅವರೇ ಕಟ್ಟಿದರಂತೆ.

ಇವುಗಳಲ್ಲಿ ಎಷ್ಟು ನಿಜ? ಅದಕ್ಕಿಂತ ಮುಖ್ಯವಾಗಿ, ಈ ಮೆಸೇಜ್‌ಗಳ ಗದ್ದಲದಲ್ಲಿ ನಾವು ಮರೆತ ಒಂದು ಪಾಠ ಯಾವುದು? ಆ ಪಾಠಕ್ಕೂ ನಿಮ್ಮ ಮನೆಯ ಗೀಸರಿಗೂ ಸಂಬಂಧವಿದೆ. ಸಕಲೇಶಪುರ, ಆಲೂರು ಗುಡ್ಡಗಳ ಮೇಲೆ ಬೀಳುವ ಮಳೆಗೂ ಸಂಬಂಧವಿದೆ. ಒಂದೊಂದಾಗಿ ನೋಡೋಣ.

ಮೊದಲು ಫಾರ್ವರ್ಡ್ ಪರಿಶೀಲನೆ

ರೈಲಿನ ಕಥೆ ಬಂದ ಮೆಸೇಜ್‌ಗಳನ್ನು ಗಮನಿಸಿ. ಯಾವ ರೈಲು, ಯಾವ ಊರು, ಯಾವ ವರ್ಷ ಎಂಬ ವಿವರ ಸಾಮಾನ್ಯವಾಗಿ ಇರುವುದಿಲ್ಲ. ಎರಡು ದೀಪದ ಕಥೆಯನ್ನು ಚಾಣಕ್ಯನ ಹೆಸರಿನಲ್ಲೂ ಹೇಳುತ್ತಾರೆ. ಆದ್ದರಿಂದ ಇವೆರಡನ್ನೂ ಕಥೆಯಾಗಿ ಕೇಳಿ, ಚರಿತ್ರೆಯೆಂದು ಹಂಚಬೇಡಿ.

ಶಿವನಸಮುದ್ರದ ಮಾತು ಪೂರ್ತಿ ತಪ್ಪು. ಆ ಕೇಂದ್ರ ಶುರುವಾದದ್ದು 1902ರ ಜೂನ್‌ನಲ್ಲಿ. ಆಗ ವಿಶ್ವೇಶ್ವರಯ್ಯನವರು ಮುಂಬೈ ಪ್ರಾಂತ್ಯದ ನೌಕರಿಯಲ್ಲಿದ್ದರು. ಆ ಯೋಜನೆಯ ಹಿಂದೆ ಇದ್ದವರು ಮೈಸೂರಿನ ದಿವಾನ ಕೆ. ಶೇಷಾದ್ರಿ ಅಯ್ಯರ್. ದೀಪ ಹತ್ತುವುದನ್ನು ನೋಡುವ ಮೊದಲೇ, 1901ರಲ್ಲಿ, ಅವರು ತೀರಿಕೊಂಡರು. ಏಷ್ಯಾದಲ್ಲಿ ಮೊದಲನೆಯದು ಎಂಬುದೂ ಸರಿಯಲ್ಲ. ಜಪಾನಿನ ಕ್ಯೋಟೋದಲ್ಲಿ 1891ರಲ್ಲೇ, ನಮ್ಮದೇ ಡಾರ್ಜಿಲಿಂಗ್‌ನಲ್ಲಿ 1897ರಲ್ಲೇ ಜಲವಿದ್ಯುತ್ ಬಂದಿತ್ತು.

ಶಿವನಸಮುದ್ರದ ನಿಜವಾದ ಹೆಗ್ಗಳಿಕೆ ಬೇರೆ. ಅಲ್ಲಿ ಹುಟ್ಟಿದ ಕರೆಂಟನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ತಂತಿಯಲ್ಲಿ ಸಾಗಿಸಿದರು. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿದೀಪಕ್ಕೆ ಕರೆಂಟು ಬಂದದ್ದು ಅದಾಗಿ ಮೂರು ವರ್ಷಕ್ಕೆ, 1905ರ ಆಗಸ್ಟ್‌ನಲ್ಲಿ. ಊರಿಗಿಂತ ಮೊದಲು ಗಣಿಗೆ ಯಾಕೆ ಕೊಟ್ಟರು? ಈ ಪ್ರಶ್ನೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮುದ್ದೇನಹಳ್ಳಿಯಿಂದ ಪುಣೆಗೆ

ಮೋಕ್ಷಗುಂಡಂ ವಿಶ್ವೇಶ್ವರಯ್ಯ ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ, 1861ರಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿ, ತಾಯಿ ವೆಂಕಟಲಕ್ಷ್ಮಮ್ಮ. ತಂದೆಯನ್ನು ಬೇಗ ಕಳೆದುಕೊಂಡ ಹುಡುಗ ಬೆಂಗಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುತ್ತಾ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದರು. 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಎಂಜಿನಿಯರ್ ಆಗಿ ಸೇರಿದರು.

ಅಲ್ಲಿಂದ ಮುಂದಿನ ಅವರ ದೊಡ್ಡ ಕೆಲಸಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ವಿಷಯ ಕಾಣುತ್ತದೆ. ನೀರು ಇಲ್ಲ ಎಂಬ ಸಮಸ್ಯೆಗಿಂತ, ನೀರು ಬೇಕಾದ ಹೊತ್ತಿಗೆ ಇಲ್ಲ ಎಂಬ ಸಮಸ್ಯೆಯೇ ಅವರ ಮುಂದೆ ಮತ್ತೆ ಮತ್ತೆ ಬಂತು.

ಮೊದಲ ಉದಾಹರಣೆ ಪುಣೆ ಬಳಿಯ ಖಡಕ್‌ವಾಸ್ಲಾ. ಮಳೆಗಾಲದಲ್ಲಿ ಕೋಡಿ ಮೇಲೆ ಹರಿದು ಹೋಗುವ ನೀರು ಬೇಸಿಗೆಯಲ್ಲಿ ಬೇಕು. ಅದಕ್ಕಾಗಿ ಅಣೆಕಟ್ಟನ್ನೇ ಎತ್ತರಿಸುವ ಬದಲು ಅವರು ಕೋಡಿಯ ಮೇಲೆ ತಾನಾಗಿ ತೆರೆದು ಮುಚ್ಚುವ ಗೇಟುಗಳನ್ನು ರೂಪಿಸಿದರು. ಪ್ರವಾಹ ಬಂದರೆ ಗೇಟು ತಾನೇ ತೆರೆಯುತ್ತದೆ, ಇಳಿದರೆ ತಾನೇ ಮುಚ್ಚುತ್ತದೆ. 1903ರ ಹೊತ್ತಿಗೆ ಅವು ಅಲ್ಲಿ ಕೂತವು. ಅದೇ ಕಟ್ಟೆ, ಆದರೆ ಹೆಚ್ಚು ನೀರು.

ಎರಡನೆಯದು ನಾಲೆಗಳ ಬ್ಲಾಕ್ ಪದ್ಧತಿ. ನಾಲೆಯ ಮೇಲ್ಭಾಗದವರು ಬೇಕೆಂದಾಗಲೆಲ್ಲ ನೀರು ತಿರುಗಿಸಿಕೊಂಡರೆ ಕೊನೆಯ ಹೊಲಕ್ಕೆ ಏನು ಉಳಿಯುತ್ತದೆ? ವಿಶ್ವೇಶ್ವರಯ್ಯನವರು ಅಚ್ಚುಕಟ್ಟನ್ನು ಬ್ಲಾಕುಗಳಾಗಿ ಹಂಚಿ, ಬೆಳೆಯನ್ನು ಸರದಿಯ ಮೇಲೆ ಬದಲಿಸಿ, ಅದೇ ನೀರು ಹೆಚ್ಚು ಹಳ್ಳಿಗಳಿಗೆ ಸಿಗುವಂತೆ ಯೋಜನೆ ಹಾಕಿದರು. ರೈತರು ಮೊದಲು ವಿರೋಧಿಸಿದರು. ನನ್ನ ಹೊಲಕ್ಕೆ ಯಾವಾಗ ನೀರು ಎಂದು ಸರ್ಕಾರ ಯಾಕೆ ಹೇಳಬೇಕು ಎಂಬ ಸಿಟ್ಟು ಸಹಜವೇ. ಇದೇ ಸಿಟ್ಟು ಇವತ್ತು ಕರೆಂಟಿನ ವಿಷಯದಲ್ಲೂ ಇದೆ.

ಗಣಿಯ ಕರೆಂಟು, ಕನ್ನಂಬಾಡಿಯ ಕಟ್ಟೆ

1909ರ ನವೆಂಬರ್‌ನಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆದರು. ಆಗ ಶಿವನಸಮುದ್ರಕ್ಕೆ ಒಂದು ಕಾಯಿಲೆ ಇತ್ತು. ಕಾವೇರಿ ತುಂಬಿ ಹರಿಯುವಾಗ ಬೇಕಾದಷ್ಟು ಕರೆಂಟು. ಬೇಸಿಗೆಯಲ್ಲಿ ಹೊಳೆ ಸೊರಗಿದರೆ ಕರೆಂಟೂ ಸೊರಗುತ್ತಿತ್ತು. ಹಿಂದೆ ನೀರು ಕೂಡಿಡುವ ದೊಡ್ಡ ಕಟ್ಟೆ ಇರಲಿಲ್ಲ. ಕೋಲಾರದ ಗಣಿಗೆ ಮಾತ್ರ ಋತು ಇಲ್ಲ. ನೆಲದಾಳದ ನೀರು ಎತ್ತುವ ಪಂಪು, ಜನರನ್ನೂ ಅದಿರನ್ನೂ ಮೇಲೆತ್ತುವ ಯಂತ್ರ ಹಗಲು ರಾತ್ರಿ ಓಡಲೇಬೇಕು.

ಊರಿಗಿಂತ ಮೊದಲು ಗಣಿಗೆ ಯಾಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಬರೀ ಬೀದಿದೀಪಕ್ಕೆ ಕರೆಂಟು ಕೊಟ್ಟರೆ ಯಂತ್ರಗಳು ಸಂಜೆಯಿಂದ ಬೆಳಗಿನವರೆಗೆ ದುಡಿದು ಹಗಲೆಲ್ಲ ಸುಮ್ಮನೆ ನಿಲ್ಲುತ್ತವೆ. ಸಾಲದ ಬಡ್ಡಿ ಮಾತ್ರ ಹಗಲೂ ಓಡುತ್ತದೆ. ದಿನದ 24 ಗಂಟೆಯೂ ಒಂದೇ ಸಮ ಕರೆಂಟು ಎಳೆಯುವ ಗಿರಾಕಿ ಇದ್ದರೆ ಹಾಕಿದ ದುಡ್ಡು ಬೇಗ ಹಿಂದಿರುಗುತ್ತದೆ.

ವಿಶ್ವೇಶ್ವರಯ್ಯನವರು ಕನ್ನಂಬಾಡಿಯಲ್ಲಿ ಕಟ್ಟೆ ಕಟ್ಟುವ ಯೋಜನೆಗೆ ಇದೇ ಲೆಕ್ಕವನ್ನು ಆಧಾರ ಮಾಡಿಕೊಂಡರು. ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಬಿಟ್ಟರೆ ಗಣಿಗೆ ವರ್ಷವಿಡೀ ಕರೆಂಟು ಕೊಡಬಹುದು, ಗಣಿ ಕೊಡುವ ಹಣ ಕಟ್ಟೆಯ ಖರ್ಚಿಗೆ ನೆರವಾಗುತ್ತದೆ, ಮುಂದೆ ಮಂಡ್ಯದ ಹೊಲಗಳಿಗೂ ನೀರು. ಖರ್ಚು ಕಂಡು ಸಂಸ್ಥಾನದ ಹಣಕಾಸಿನವರು ಹಿಂಜರಿದರು. ನಾಲ್ವಡಿ ಕೃಷ್ಣರಾಜ ಒಡೆಯರ್ ಒಪ್ಪಿಗೆ ಕೊಟ್ಟ ಮೇಲೆ 1911ರಲ್ಲಿ ಕೆಲಸ ಶುರುವಾಯಿತು. ಗಣಿಗೆ ಕೊಟ್ಟ ಮಾತು ಉಳಿಸಿಕೊಳ್ಳಲು 1915ರ ಹೊತ್ತಿಗೆ ಕಟ್ಟೆ ಬೇಕಾದ ಮಟ್ಟಕ್ಕೆ ಏರಲೇಬೇಕಿತ್ತು, ಏರಿತು.

ಇಲ್ಲೊಂದು ತಿದ್ದುಪಡಿ. ಕೃಷ್ಣರಾಜಸಾಗರ ಒಬ್ಬರೇ ಕಟ್ಟಿದ್ದಲ್ಲ. 1912ರಿಂದ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು 1918ರ ಕೊನೆಯಲ್ಲಿ ಆ ಹುದ್ದೆ ಬಿಟ್ಟರು. ಕಟ್ಟೆ ಪೂರ್ತಿಯಾದದ್ದು 1930ರ ದಶಕದ ಆರಂಭದಲ್ಲಿ. ಹಲವು ಎಂಜಿನಿಯರ್‌ಗಳ, ಸಾವಿರಾರು ಕೂಲಿಕಾರರ ಬೆವರು ಅದರಲ್ಲಿದೆ. ಹಳೆಯ ಕನ್ನಂಬಾಡಿ ಊರು ನೀರಿನಡಿ ಹೋಯಿತು. ಬೇಕಾದ ಹೊತ್ತಿಗೆ ಕರೆಂಟು ಸಿಗಬೇಕಾದರೆ ಅದರ ಬೆಲೆಯನ್ನು ಎಲ್ಲೋ ಯಾರೋ ತೆರುತ್ತಾರೆ.

ಸಕಲೇಶಪುರದ ಮಳೆ ಎಲ್ಲಿಗೆ ಹೋಗುತ್ತದೆ?

ಆ ಕಟ್ಟೆಗೆ ಬರುವುದು ಕೊಡಗಿನ ಕಾವೇರಿ ನೀರು ಮಾತ್ರವಲ್ಲ. ಮೂಡಿಗೆರೆ ಸೀಮೆಯಲ್ಲಿ ಹುಟ್ಟುವ ಹೇಮಾವತಿ ಸಕಲೇಶಪುರ ಪೇಟೆಯ ಪಕ್ಕದಲ್ಲೇ ಹರಿದು ಕೃಷ್ಣರಾಜಸಾಗರದ ಹಿನ್ನೀರಿನ ಬಳಿ ಕಾವೇರಿಯನ್ನು ಸೇರುತ್ತದೆ. ಅಂದರೆ ಸಕಲೇಶಪುರ, ಆಲೂರಿನ ಗುಡ್ಡಗಳ ಮೇಲೆ ಜೂನ್‌ನಿಂದ ಸುರಿದ ಮಳೆಯ ಒಂದು ಪಾಲು ಆ ಕಟ್ಟೆಯಲ್ಲಿ ತಂಗಿ, ಬೇಸಿಗೆಯಲ್ಲಿ ಗಣಿಯ ಯಂತ್ರ ತಿರುಗಿಸಿತು.

ಈಗ ಇದೇ ಗುಡ್ಡಗಳ ಮನೆಗಳಿಗೆ ಬನ್ನಿ. ಇಲ್ಲಿನವರಿಗೆ ಪಲ್ಪರ್ ಗೊತ್ತು. ಕೊಯ್ದ ಕಾಫಿ ಹಣ್ಣನ್ನು ತಡಮಾಡದೆ ಪಲ್ಪರ್‌ಗೆ ಹಾಕಬೇಕು, ಇಟ್ಟರೆ ಕೆಡುತ್ತದೆ. ಹಾಗಾಗಿ ಕೊಯ್ಲಿನ ಅತಿ ಜೋರಿನ ದಿನ ಎಷ್ಟು ಹಣ್ಣು ಬರುತ್ತದೋ ಅಷ್ಟು ದೊಡ್ಡ ಪಲ್ಪರ್ ಬೇಕು. ಉಳಿದ ತಿಂಗಳೆಲ್ಲ ಅದು ಸುಮ್ಮನೆ ಕೂತಿರುತ್ತದೆ. ಆದರೂ ಅದರ ಬೆಲೆ ಪೂರ್ತಿ ಕೊಟ್ಟಿದ್ದೀರಿ.

ಕರೆಂಟಿನದೂ ಇದೇ ಕಥೆ, ಇನ್ನೂ ಬಿಗಿಯಾಗಿ. ಹಣ್ಣನ್ನು ಸ್ವಲ್ಪ ಹೊತ್ತಾದರೂ ಇಡಬಹುದು. ಕರೆಂಟನ್ನು ನೀವು ಸ್ವಿಚ್ ಹಾಕಿದ ಕ್ಷಣದಲ್ಲೇ ಎಲ್ಲೋ ಒಂದು ಯಂತ್ರ ಹುಟ್ಟಿಸಬೇಕು. ಹಾಗಾಗಿ ವಿದ್ಯುತ್ ಕೇಂದ್ರ, ಲೈನು, ನಿಮ್ಮೂರಿನ ಟಿ.ಸಿ. ಎಲ್ಲವನ್ನೂ ದಿನದ ಅತಿ ಜೋರಿನ ಹೊತ್ತಿಗೆ ತಕ್ಕಂತೆ ಹಾಕಬೇಕಾಗುತ್ತದೆ. ಬಿಲ್ಲಿನಲ್ಲಿ ಯೂನಿಟ್ ದರದ ಜೊತೆಗೆ ಕಿಲೋವಾಟ್ ಲೆಕ್ಕದ ನಿಗದಿತ ಶುಲ್ಕ ಇರುವುದು ಇದೇ ಕಾರಣಕ್ಕೆ. ಅದು ನೀವು ಬಳಸಿದ ಕರೆಂಟಿನ ಬೆಲೆಯಲ್ಲ, ನಿಮಗಾಗಿ ಸಿದ್ಧವಾಗಿ ನಿಂತ ವ್ಯವಸ್ಥೆಯ ಬಾಡಿಗೆ.

30 ಮನೆ, 30 ಗೀಸರ್: ಒಂದು ಸಣ್ಣ ಲೆಕ್ಕ

ಒಂದು ಊರಲ್ಲಿ 30 ಮನೆ ಎಂದುಕೊಳ್ಳಿ. ಪ್ರತಿ ಮನೆಯಲ್ಲೂ 2 ಕಿಲೋವಾಟ್‌ನ ಗೀಸರ್. ಬೆಳಗ್ಗೆ ಆರೂವರೆಗೆ ಎಲ್ಲರೂ ಒಟ್ಟಿಗೆ 20 ನಿಮಿಷ ಹಾಕಿದರೆ ಟಿ.ಸಿ. ಮೇಲೆ 60 ಕಿಲೋವಾಟ್ ಹೊರೆ. 25 ಕೆವಿಎ ಟಿ.ಸಿ. ಇದ್ದರೆ ಅದಕ್ಕೆ ತಡೆಯಲಾಗುವುದಿಲ್ಲ. ವೋಲ್ಟೇಜ್ ಬೀಳುತ್ತದೆ, ಫ್ಯೂಸ್ ಹೋಗುತ್ತದೆ, ಲೈನ್‌ಮನ್‌ಗೆ ಫೋನ್ ಹೋಗುತ್ತದೆ.

ಈಗ ಅದೇ 30 ಮನೆ ಹತ್ತು ಹತ್ತರಂತೆ ಮೂರು ಸರದಿಯಲ್ಲಿ ಹಾಕಲಿ. ಹೊರೆ ಯಾವ ಹೊತ್ತಿನಲ್ಲೂ 20 ಕಿಲೋವಾಟ್ ದಾಟುವುದಿಲ್ಲ. ಎರಡೂ ಸಲ ಖರ್ಚಾದದ್ದು ಒಟ್ಟು 20 ಯೂನಿಟ್ಟೇ. ಎಲ್ಲರಿಗೂ ಬಿಸಿನೀರು ಸಿಕ್ಕಿದೆ. ಆದರೆ ಮೊದಲನೆಯದಕ್ಕೆ ದೊಡ್ಡ ಟಿ.ಸಿ. ಬೇಕು, ಎರಡನೆಯದಕ್ಕೆ ಇರುವುದೇ ಸಾಕು. ವಿಶ್ವೇಶ್ವರಯ್ಯನವರ ಬ್ಲಾಕ್ ಪದ್ಧತಿಯನ್ನು ನೆನಪಿಸಿಕೊಳ್ಳಿ: ಒಂದೇ ನೀರು, ಸರದಿ ಹಾಕಿದರೆ ಹೆಚ್ಚು ಹೊಲ.

ಅದೇ ಕಾಲದಲ್ಲಿ ಅಮೆರಿಕದ ಷಿಕಾಗೋದಲ್ಲಿ ಸ್ಯಾಮ್ಯುಯೆಲ್ ಇನ್ಸಲ್ ಎಂಬ ವಿದ್ಯುತ್ ಉದ್ಯಮಿ ಇದನ್ನು ಅಳೆದು ತೋರಿಸಿದರು. ಸುಮಾರು 190 ಮನೆಗಳಿದ್ದ ಒಂದು ಬಡಾವಣೆಯಲ್ಲಿ ಪ್ರತಿ ಮನೆಯ ಗರಿಷ್ಠ ಬಳಕೆ ಕೂಡಿಸಿದರೆ 68 ಕಿಲೋವಾಟ್‌ಗೂ ಹೆಚ್ಚು. ಆದರೆ ಎಲ್ಲರ ಗರಿಷ್ಠ ಹೊತ್ತು ಒಂದೇ ಅಲ್ಲದ ಕಾರಣ ಇಡೀ ಬಡಾವಣೆ ಒಟ್ಟಿಗೆ ಎಳೆದದ್ದು 20 ಕಿಲೋವಾಟ್ ಮಾತ್ರ. ನ್ಯೂಜಿಲೆಂಡ್‌ನವರು 1950ರ ದಶಕದಲ್ಲೇ ಒಂದು ಹೆಜ್ಜೆ ಮುಂದೆ ಹೋದರು. ಲೈನಿನಲ್ಲೇ ಸಂಕೇತ ಕಳಿಸಿ ಮನೆಗಳ ನೀರು ಕಾಯಿಸುವ ಹೀಟರ್‌ಗಳನ್ನು ಸ್ವಲ್ಪ ಹೊತ್ತು ಆರಿಸಿ ಮತ್ತೆ ಹಚ್ಚುವ ವ್ಯವಸ್ಥೆ ಮಾಡಿದರು. ಇದನ್ನೇ ಹೊರೆ ನಿಯಂತ್ರಣ ಎನ್ನುವುದು.

ನಮ್ಮಲ್ಲಿ ಏನಾಗಿದೆ?

ನಮ್ಮಲ್ಲೂ ಹೊರೆ ನಿಯಂತ್ರಣ ಇತ್ತು, ಒರಟಾಗಿ. ಹಳ್ಳಿಗಳಿಗೆ ತ್ರೀ ಫೇಸ್ ಕೆಲವೇ ಗಂಟೆ, ಉಳಿದ ಹೊತ್ತು ಸಿಂಗಲ್ ಫೇಸ್. ಪಂಪ್‌ಸೆಟ್ ಓಡಬಾರದು, ದೀಪ ಮಾತ್ರ ಉರಿಯಬೇಕು ಎಂಬುದು ಉದ್ದೇಶ. ಕೆಪಾಸಿಟರ್ ಹಾಕಿ ಸಿಂಗಲ್ ಫೇಸಿನಲ್ಲೇ ಪಂಪ್ ಓಡಿಸಿದವರೂ ಇದ್ದರು. ಆಮೇಲೆ ಬಂದ ನಿರಂತರ ಜ್ಯೋತಿ ಯೋಜನೆ ಮನೆಗಳ ಫೀಡರನ್ನೂ ಪಂಪ್‌ಸೆಟ್‌ಗಳ ಫೀಡರನ್ನೂ ಬೇರೆ ಮಾಡಿತು.

ಕಾಫಿ ನಾಡಿಗೆ ಇದರಲ್ಲಿ ಒಂದು ವಿಶೇಷ ಕಷ್ಟವಿದೆ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬಾರದಿದ್ದರೆ ರೊಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್‌ನಲ್ಲಿ ನೀರು ಕೊಡಲೇಬೇಕು. ಸುತ್ತಲಿನ ತೋಟದವರಿಗೂ ಅದೇ ವಾರ ನೀರು ಬೇಕು. ರಾಜ್ಯಕ್ಕೆಲ್ಲ ಕರೆಂಟಿನ ಬೇಡಿಕೆ ಏರುವುದೂ ಆಗಲೇ. 2024ರ ಬೇಸಿಗೆಯಲ್ಲಿ ಕರ್ನಾಟಕದ ಬೇಡಿಕೆ 17,000 ಮೆಗಾವಾಟ್ ದಾಟಿತ್ತು. ಹೂವಿಗೆ ನೀರು ಕೊಡುವುದನ್ನು ತಿಂಗಳು ಮುಂದೂಡಲು ಆಗದು. ಗೀಸರನ್ನು ಅರ್ಧ ಗಂಟೆ ಮುಂದೂಡಬಹುದು. ಯಾವ ಹೊರೆ ಕಾಯಬಲ್ಲದು, ಯಾವುದು ಕಾಯಲಾರದು ಎಂದು ಬೇರೆ ಮಾಡುವುದೇ ಈ ಲೆಕ್ಕದ ಜೀವಾಳ.

ಸಂಜೆಯ ಕಥೆ ಇನ್ನೊಂದು. ಹಗಲಿನಲ್ಲಿ ಬೇಡಿಕೆ ಎಷ್ಟೇ ಇದ್ದರೂ ಸೌರವಿದ್ಯುತ್ ಕೈಹಿಡಿಯುತ್ತದೆ. ಹೊತ್ತು ಮುಳುಗಿದ ಮೇಲೆ ಅದು ಸೊನ್ನೆ. ಆಗಲೇ ಮನೆ ಮನೆಯಲ್ಲಿ ದೀಪ, ಟಿವಿ, ಮಿಕ್ಸಿ, ಫ್ಯಾನ್. ಕೊರತೆ ಬಿದ್ದರೆ ವಿದ್ಯುತ್ ಕಂಪನಿಗಳು ಮಾರುಕಟ್ಟೆಯಲ್ಲಿ ಕೊಳ್ಳಬೇಕು. ಅಲ್ಲಿ 2023ರಲ್ಲಿ ಹಾಕಿದ ಮಿತಿಯ ಪ್ರಕಾರ ಬೆಲೆ ಯೂನಿಟ್‌ಗೆ 10 ರೂಪಾಯಿವರೆಗೂ ಏರಬಹುದು. ಅದೇ ಯೂನಿಟ್ಟನ್ನು ಮನೆಗೆ ಮಾರುವುದು ಮಾಮೂಲಿ ದರಕ್ಕೆ. ಗೃಹಜ್ಯೋತಿಯಲ್ಲಿ ನಿಮ್ಮ ಬಿಲ್ ಸೊನ್ನೆ ಬಂದರೂ ಆ ಹೊತ್ತಿನ ಖರ್ಚು ಸೊನ್ನೆ ಆಗುವುದಿಲ್ಲ. ಅದು ಸರ್ಕಾರದ ಸಹಾಯಧನವಾಗಿಯೋ ಮುಂದಿನ ದರ ಏರಿಕೆಯಾಗಿಯೋ ನಮ್ಮ ಬಳಿಗೇ ಬರುತ್ತದೆ.

ಇದನ್ನು ತಗ್ಗಿಸಲು ಕರ್ನಾಟಕ ಕೆಲವು ಕೆಲಸ ಮಾಡಿದೆ. ಸೋಲಾರ್ ವಾಟರ್ ಹೀಟರ್ ಹಾಕಿದ ಮನೆಗೆ ಯೂನಿಟ್‌ಗೆ 50 ಪೈಸೆ ರಿಯಾಯಿತಿ ಕೊಟ್ಟದ್ದು ಬೆಳಗಿನ ಗೀಸರ್ ಹೊರೆ ಇಳಿಸಲು. ಹೊಸ ಬೆಳಕು ಯೋಜನೆಯಲ್ಲಿ 9 ವಾಟ್‌ನ ಎಲ್‌ಇಡಿ ಬಲ್ಬ್ ಹಂಚಿದ್ದು ಸಂಜೆಯ ಹೊರೆ ಇಳಿಸಲು. ಹಾಸನ ಜಿಲ್ಲೆಗೂ ಕರೆಂಟು ಕೊಡುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಸೆಸ್ಕ್, ಮೈಸೂರಿನ ವಿ.ವಿ. ಮೊಹಲ್ಲಾ ಪ್ರದೇಶದಲ್ಲಿ ಸುಮಾರು 21 ಸಾವಿರ ಗ್ರಾಹಕರನ್ನು ಸೇರಿಸಿ ಸ್ಮಾರ್ಟ್ ಗ್ರಿಡ್ ಪ್ರಯೋಗ ನಡೆಸಿತು. ಜೋರಿನ ಹೊತ್ತಿನ ಹೊರೆ ನಿಭಾಯಿಸುವುದು ಅದರ ಗುರಿಗಳಲ್ಲಿ ಒಂದು. ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ತಂದ ನಿಯಮದ ಪ್ರಕಾರ, ಸ್ಮಾರ್ಟ್ ಮೀಟರ್ ಇರುವಲ್ಲಿ ಬಿಸಿಲಿನ ಹೊತ್ತಿನ ದರ ಕನಿಷ್ಠ ಶೇ. 20 ಕಡಿಮೆ, ಜೋರಿನ ಹೊತ್ತಿನ ದರ ಮನೆಗಳಿಗೆ ಕನಿಷ್ಠ ಶೇ. 10 ಹೆಚ್ಚು ಇರಬೇಕು.

ಹಾಗಾದರೆ ಎಲ್ಲ ಸರಿಯೇ?

ಇಲ್ಲ. ಮೂರು ತೊಡಕು ಇವೆ.

ಒಂದು, ಬೆಂಗಳೂರಿಗೆ ಹೊಂದುವುದು ಮಲೆನಾಡಿಗೆ ಹೊಂದದು. ಜುಲೈ ಮಳೆಯಲ್ಲಿ ವಾರಗಟ್ಟಲೆ ಬಿಸಿಲೇ ಕಾಣದ ಸಕಲೇಶಪುರದಲ್ಲಿ ಸೋಲಾರ್ ಹೀಟರ್ ಏನು ಮಾಡೀತು? ಅಲ್ಲಿ ಬಚ್ಚಲ ಹಂಡೆಯೂ ಅದರ ಒಲೆಯೂ ಇನ್ನೂ ಉಳಿದಿರುವುದಕ್ಕೆ ಕಾರಣವಿದೆ.

ಎರಡು, ಎಲ್ಲರ ಗೀಸರನ್ನೂ ಒಟ್ಟಿಗೆ ಆರಿಸಿ ಒಟ್ಟಿಗೆ ಹಚ್ಚಿದರೆ ಹೊರೆ ಇಳಿಯುವುದಿಲ್ಲ, ಅರ್ಧ ಗಂಟೆ ಮುಂದಕ್ಕೆ ಹೋಗುತ್ತದೆ, ಅಷ್ಟೆ. ಸರದಿ ಇಲ್ಲದ ನಿಯಂತ್ರಣ ಬರೀ ಲೋಡ್ ಶೆಡ್ಡಿಂಗ್.

ಮೂರನೆಯದೇ ದೊಡ್ಡದು. ಮೀಟರ್, ಸ್ವಿಚ್, ಸಂಪರ್ಕ ಎಲ್ಲಕ್ಕೂ ದುಡ್ಡು ಬೇಕು. ಉಳಿತಾಯ ಕಂಪನಿಗೆ, ತೊಂದರೆ ಮನೆಯವರಿಗೆ ಎಂದಾದರೆ ಯಾರು ಒಪ್ಪುತ್ತಾರೆ? ಹೊತ್ತು ಬದಲಿಸಿಕೊಂಡ ಮನೆಗೆ ಅದರ ಪಾಲು ಬಿಲ್ಲಿನಲ್ಲಿ ಕಾಣಬೇಕು. ಬೇಡ ಎನ್ನುವವರಿಗೆ ಹೊರಗುಳಿಯುವ ದಾರಿ ಇರಬೇಕು. ಕಾಯಿಲೆಯವರ ಮನೆಯ ಯಂತ್ರ ಈ ಲೆಕ್ಕಕ್ಕೇ ಬರಬಾರದು.

ಕೊನೆಗೆ

ದಿವಾನಗಿರಿ ಬಿಟ್ಟ ಮೇಲೂ ವಿಶ್ವೇಶ್ವರಯ್ಯನವರು ದಶಕಗಳ ಕಾಲ ದುಡಿದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಹಳಿಗೆ ತಂದರು, ದೇಶಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪುಸ್ತಕ ಬರೆದರು. 1955ರಲ್ಲಿ ಭಾರತ ರತ್ನ ಬಂತು. 1962ರ ಏಪ್ರಿಲ್‌ನಲ್ಲಿ, ನೂರು ತುಂಬಿದ ಮೇಲೆ, ಬೆಂಗಳೂರಿನಲ್ಲಿ ತೀರಿಕೊಂಡರು. ಹುಟ್ಟೂರು ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿ ಇದೆ.

ಮುಂದಿನ ಸೆಪ್ಟೆಂಬರ್ 15ಕ್ಕೆ ರೈಲಿನ ಕಥೆಯ ಬದಲು ಇಷ್ಟು ಕಳಿಸಿ:

- ಶಿವನಸಮುದ್ರ ಕಟ್ಟಿಸಿದವರು ಶೇಷಾದ್ರಿ ಅಯ್ಯರ್. ಅದಕ್ಕೆ ವರ್ಷವಿಡೀ ನೀರು ಸಿಗುವಂತೆ ಕನ್ನಂಬಾಡಿ ಯೋಜನೆ ಹಾಕಿದವರು ವಿಶ್ವೇಶ್ವರಯ್ಯ.
- ಕರೆಂಟಿನ ಖರ್ಚು ಎಷ್ಟು ಬಳಸುತ್ತೇವೆ ಎಂಬುದರಷ್ಟೇ ಯಾವಾಗ ಬಳಸುತ್ತೇವೆ ಎಂಬುದರ ಮೇಲೂ ನಿಂತಿದೆ.
- ಗೀಸರ್, ವಾಷಿಂಗ್ ಮೆಷಿನ್, ಮನೆಯ ನೀರಿನ ಮೋಟರ್ ಕಾಯಬಲ್ಲವು. ಸಂಜೆ ಆರರಿಂದ ಹತ್ತರ ನಡುವೆ ಅವನ್ನು ತಪ್ಪಿಸಿದರೆ ನಿಮ್ಮ ಟಿ.ಸಿ.ಗೂ ಪಕ್ಕದ ಮನೆಯ ವೋಲ್ಟೇಜ್‌ಗೂ ಒಳ್ಳೆಯದು.
- ಸ್ಮಾರ್ಟ್ ಮೀಟರ್ ಬಂದರೆ ಹೆದರುವ ಮೊದಲು ಒಂದು ಪ್ರಶ್ನೆ ಕೇಳಿ: ಹೊತ್ತು ಬದಲಿಸಿಕೊಂಡರೆ ನನ್ನ ಬಿಲ್ಲಿನಲ್ಲಿ ಎಷ್ಟು ಇಳಿಯುತ್ತದೆ?